ಹಾಲಮ್ಮನಿಗೆ ಓದಿ ಹೇಳಲಿಲ್ಲ

ಇವತ್ತು ಬೆಳಗ್ಗೆ ಒಂದು ಕೈಯಲ್ಲಿ ತಿಂಡಿಯ ತಟ್ಟೆ, ಇನ್ನೊಂದರಲ್ಲಿ ಮೊಬೈಲು. ತಿನ್ನುವಾಗ ಅದನ್ನು ನೋಡಬೇಡಿ ಎಂದು ಮನೆಯವಳು ವರ್ಷಗಳಿಂದ ಹೇಳುತ್ತಿದ್ದಾಳೆ. ಕೇಳಿದ್ದರೆ ಉಪ್ಪಿಟ್ಟಾದರೂ ಸಲೀಸಾಗಿ ಇಳಿಯುತ್ತಿತ್ತು. ಬಂದಿದ್ದು ಒಂದು ಮೇಲ್. ಹಲವು ದೇಶಗಳ ವಿಜ್ಞಾನ ಪತ್ರಕರ್ತರ ಸಂಘಗಳು ಸೇರಿ ನಡೆಸುವ ಸಮ್ಮೇಳನದಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕಂತೆ. ದಾವಣಗೆರೆ ಬಿಟ್ಟು ಕದಲಬೇಕಿಲ್ಲ, ಎಸ್.ಎಸ್. ಬಡಾವಣೆಯ ಮನೆಯ ಮಹಡಿಯಲ್ಲೇ ಕಂಪ್ಯೂಟರಿನ ಮುಂದೆ ಕೂತರಾಯಿತು. ವಿಷಯ, ಜನರ ನಂಬಿಕೆ ಉಳಿಸಿಕೊಳ್ಳುವುದು ಹೇಗೆ. ಜೊತೆಗೆ ನನ್ನ ಪರಿಚಯದ ನಾಲ್ಕು ಸಾಲು ಬರೆದು, ದಯವಿಟ್ಟು ಓದಿ ನೋಡಿ, ತಪ್ಪಿದ್ದರೆ ತಿದ್ದಿ, ನೀವು ಒಪ್ಪದೆ ಅಚ್ಚು ಹಾಕುವುದಿಲ್ಲ ಎಂದಿದ್ದರು.

ನೀವೇ ಹೇಳಿ, ಇದರಲ್ಲಿ ಸಿಟ್ಟು ಬರುವಂಥದ್ದು ಏನಿದೆ? ಮರ್ಯಾದಸ್ಥರು ಬರೆದ ಮರ್ಯಾದೆಯ ಪತ್ರ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನನ್ನ ನಾಲ್ಕು ಸಾಲಿಗೆ ನನ್ನ ಒಪ್ಪಿಗೆ ಬೇಡುವ ಇದೇ ಜನರ ಮೂರು ವರ್ಷದ ಹಿಂದಿನ ನಿಯಮದ ಹಾಳೆಯಲ್ಲಿ, ಹಾಲಮ್ಮನ ಮಾತನ್ನು ಹಾಲಮ್ಮನಿಗೇ ಓದಿ ಹೇಳಕೂಡದು ಎಂದಿತ್ತು. ಇಂಗ್ಲಿಷ್ ಬಲ್ಲವನಿಗೆ ಒಂದು ಮರ್ಯಾದೆ, ಅಕ್ಷರ ಬಾರದವಳಿಗೆ ಇನ್ನೊಂದು.

ಸುಮಂಗಲಕ್ಕನ ಬಗ್ಗೆ ಹೇಳದೆ ಹಾಲಮ್ಮನ ವಿಷಯಕ್ಕೆ ಬರಲಾಗದು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಅವರು, ಬರುಬರುತ್ತಾ ವಾರದ ವಿಜ್ಞಾನ ಪುಟವನ್ನೇ ನೋಡಿಕೊಳ್ಳತೊಡಗಿದರು. ನಾನು ಅವರ ಕೈಕೆಳಗೆ ಬರೆಯಲು ಕಲಿತವನು. ಅವರದೊಂದು ಪದ್ಧತಿ ಇತ್ತು. ಅಚ್ಚಿಗೆ ಹೋಗುವ ಮುಂಚೆ, ಯಾರು ಮಾತಾಡಿದ್ದರೋ ಅವರ ಮುಂದೆ ಕೂತು, ಅವರಿಗೆ ಸೇರಿದ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದರು. ಅಧಿಕಾರಿಗಳಿಗೆ ಮಾತ್ರ ಓದುತ್ತಿರಲಿಲ್ಲ. ಅವರಿಗೆ ಪೇಪರು ಓದೋಕೆ ಬರುತ್ತದಲ್ಲ, ಓದಿಕೊಳ್ಳಲಿ ಎನ್ನುವುದು ಅಕ್ಕನ ವಾದ.

ಒಮ್ಮೆ ಕುಕ್ಕುವಾಡದ ರೈತರೊಬ್ಬರು ಭತ್ತದ ಬೀಜಕ್ಕೆ ಔಷಧ ಹಚ್ಚುವ ಬಗೆಯನ್ನು ನಾನು ಬರೆದಿದ್ದೆ. ಅಕ್ಕ ನನ್ನನ್ನು ಅವರ ಜಗಲಿಯ ಮೇಲೆ ಕೂರಿಸಿ ಓದಿಸಿದರು. ಆ ಯಜಮಾನರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, “ಅಷ್ಟು ಔಷಧ ಹಚ್ಚಿದ್ರೆ ಬೀಜ ಸುಟ್ಟು ಹೋಗ್ತೈತ್ರಿ” ಎಂದರು. ನಾನು ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ದೆ. ವಾಪಸು ಬರುವಾಗ ಅಕ್ಕ ಬೈಯಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಕೊಡಿಸಿದರು. ಬೈದಿದ್ದರೆ ಮುಖ ತಗ್ಗಿಸುವ ಕೆಲಸವಾದರೂ ಸುಲಭವಾಗುತ್ತಿತ್ತು.

ಅಂಥ ನಮ್ಮ ಪುಟಕ್ಕೆ ಐದು ದೇಶಗಳ ಕೂಟ ಬಂತು. ಬೆಂಕಿಯ ಮುಂದೆ, ಬಿಸಿಲಿನಲ್ಲಿ ದುಡಿಯುವವರ ಮೈ ಏನಾಗುತ್ತದೆ ಎಂಬ ಬಗ್ಗೆ ಐದು ಸಂಘಗಳವರು ಕೂಡಿ ಬರೆದು, ಐದು ಕಡೆಯೂ ಒಂದೇ ದಿನ ಪ್ರಕಟಿಸುವುದು. ಒಳ್ಳೆಯ ಕೆಲಸ, ಈಗಲೂ ಹಾಗೇ ಅನ್ನುತ್ತೇನೆ. ನಮ್ಮ ಪಾಲಿಗೆ ಮಂಡಕ್ಕಿ ಭಟ್ಟಿಯ ಹೆಂಗಸರು. ಅವರಲ್ಲಿ ಅಕ್ಕನಿಗೆ ಪರಿಚಯವಿದ್ದ ಹಾಲಮ್ಮನೂ ಒಬ್ಬಳು. ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ, ಹಾಗಾಗಿ ಎರಡೂ ಕಡೆಯ ನಾಲಿಗೆ ನಾನೇ ಆದೆ. ಆಗ ನನ್ನ ನಡಿಗೆ ನೋಡಬೇಕಿತ್ತು ನೀವು, ವಿಮಾನದಿಂದ ಈಗಷ್ಟೇ ಇಳಿದವನ ಹಾಗೆ.

ಮೊದಲ ಸಭೆ ಕಂಪ್ಯೂಟರಿನ ಪರದೆಯ ಮೇಲೆ. ಸಂಚಾಲಕಿ ನಿಯಮಗಳನ್ನು ಓದಿದರು. ಮಾತಾಡಿಸಿದವರಿಗೆ ಪ್ರಕಟಣೆಗೆ ಮುಂಚೆ ಬರಹ ತೋರಿಸಬಾರದು ಎಂಬಲ್ಲಿಗೆ ಬಂದಾಗ ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅಕ್ಕ ಕನ್ನಡಕ ತೆಗೆದರು.

“ದೊಡ್ಡ ಮಂದಿ ತಮಗೆ ಬೇಕಾದಂಗ ತಿದ್ದಿಸ್ಬಾರ್ದು ಅಂತ ಮಾಡಿರೋ ನಿಯಮ ಅದು. ಸರಿ ಐತೆ. ಆದ್ರೆ ಹಾಲಮ್ಮನ ಮಾತು ಹಾಲಮ್ಮಗೆ ಓದಿ ಹೇಳಿದ್ರೆ ಯಾರಿಗೆ ಏನು ಕೆಡ್ತೈತೆ? ಕೇಳು ಅವ್ರನ್ನ.”

ನಾನು ಪರದೆಯ ಕಡೆ ತಿರುಗಿ ಮಾತಾಡಿದೆ. ಅಲ್ಲಿದ್ದವರು ನಕ್ಕು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ಅಕ್ಕ ಸಭೆ ಮುಗಿಯುವವರೆಗೂ ಉತ್ತರಕ್ಕೆ ಕಾದರು.

ಹಾಲಮ್ಮ ಮಂಡಕ್ಕಿ ಹುರಿಯುವ ಕಾದ ಮರಳಿನ ಮುಂದೆ ಬೆಳಗಿನಿಂದ ನಿಲ್ಲುವವಳು. ಕೆಲಸ ಮುಗಿಯುವ ತನಕ ನೀರು ಕುಡಿಯುವುದಿಲ್ಲ ಎಂದು ನನಗೆ ಹೇಳಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಯಾಕೆ ಎಂದು ಕೂಟದವರಿಂದ ಪ್ರಶ್ನೆ ಬಂದಾಗ, ಬಹುಶಃ ಮಾಲೀಕ ಕೊಡುವುದಿಲ್ಲವೇನೋ ಎಂದು ಬರೆದು ಕಳಿಸಿದೆ. ಕರಡು ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ನನ್ನ ‘ಬಹುಶಃ’ ಉದುರಿಹೋಗಿತ್ತು. ಐದು ದೇಶಗಳಲ್ಲಿ ಒಂದೇ ದಿನ, ಕುಡಿಯುವ ನೀರೂ ಕೊಡದ ಭಟ್ಟಿ ಮಾಲೀಕ ಎಂದು ಅಚ್ಚಾಯಿತು.

ಆ ಮಾಲೀಕ ಹಾಲಮ್ಮನ ಒಡಹುಟ್ಟಿದ ಅಣ್ಣ. ಪೇಪರು ಕೈಯಲ್ಲಿ ಹಿಡಿದು, ನೀರು ಕೊಡದವನ ಬಾಗಿಲಿಗೆ ಇನ್ನು ಬರಬೇಡ ಎಂದುಬಿಟ್ಟ. ಗಂಡನಿಲ್ಲದ ತಂಗಿಯನ್ನು ಇಷ್ಟು ದಿನ ಕೆಲಸ ಕೊಟ್ಟು ನೋಡಿಕೊಂಡವನಿಗೆ ಊರ ಮುಂದೆ ಆದ ಅವಮಾನ ಅದು. ಆ ವರ್ಷ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯಲಿಲ್ಲ. ಈ ವರ್ಷವೂ ಕರೆದಿಲ್ಲ. ಅವತ್ತು ವಿಷಯ ತಿಳಿದು ನಾನು ಹೋದಾಗ ಹಾಲಮ್ಮ ಆಗಲೇ ಬೇರೆಯವರ ಭಟ್ಟಿಯಲ್ಲಿದ್ದಳು.

“ನೀರಿನ ಕೊಡ ನನ್ನ ಮಗ್ಗಲಾಗೇ ಇರ್ತಿತ್ರಿ ಸರ. ಕುಡಿದ್ರೆ ಹೋಗಿ ಬರಾಕೆ ಆ ಓಣ್ಯಾಗ ಹೆಣ್ಮಕ್ಕಳಿಗೆ ಜಾಗ ಎಲ್ಲೈತ್ರಿ? ಅದನ್ನ ನಿಮ್ಮ ಮುಂದೆ ಹೆಂಗೆ ಹೇಳ್ಲಿ? ಅಕ್ಕಾರು ಬಂದಿದ್ರೆ ಹೇಳ್ತಿದ್ದೆ.”

ಬರೆಯಬೇಕಾಗಿದ್ದ ಸುದ್ದಿ ಅದು! ಒಂದು ಶೌಚಾಲಯವೂ ಇಲ್ಲದ ಓಣಿಯಲ್ಲಿ ಹೆಂಗಸರು ಬೆಂಕಿಯ ಮುಂದೆ ಬಾಯಾರಿ ನಿಲ್ಲುತ್ತಾರೆ ಎಂಬುದು. ಐದು ದೇಶ ಕೂಡಿ ಅದನ್ನು ಕಳೆದುಕೊಂಡೆವು. ಹತ್ತು ನಿಮಿಷ ಓದಿ ಹೇಳಿದ್ದರೆ ಸಿಗುತ್ತಿತ್ತು. ತಪ್ಪಾಗಿದೆ ಎಂದು ಕೂಟದವರಿಗೆ ಬರೆದೆ. ವಿಷಾದಿಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಪುಟದ ತಳಕ್ಕೆ ಬಿತ್ತು. ಯಾರಿಗೆ ಹೇಳಿದರು ಅದನ್ನು? ಹಾಲಮ್ಮನಿಗಾ, ಅವಳ ಅಣ್ಣನಿಗಾ? ಅಕ್ಕ ತಾವೇ ಹೋಗಿ ಅವಳ ಮುಂದೆ ಕೂತು, ನಿನಗೆ ಓದಿ ಹೇಳಬೇಕು ಅಂತ ಕೇಳಿದ್ದೆ ಕಣವ್ವ, ಅವರು ಉತ್ತರವನ್ನೇ ಕೊಡಲಿಲ್ಲ ಎಂದು ಹೇಳಿ ಬಂದರು. ಕೇಳಿದ್ದಕ್ಕೆ ಉತ್ತರ ಕೊಡದವರ ಜೊತೆ ತನಗೆ ಕೆಲಸವಿಲ್ಲ ಎಂದು ಆ ಪುಟವನ್ನೂ ಬಿಟ್ಟರು.

ಇಷ್ಟು ಓದಿದ ನಿಮಗೂ ಆ ಪರದೆಯ ಜನರ ಮೇಲೆ ಸಿಟ್ಟು ಬಂದಿರಬೇಕು. ಅರ್ಧ ಸಿಟ್ಟು ಅವರಿಗಿರಲಿ. ಉಳಿದದ್ದನ್ನು ನನಗೆ ಕೊಡಿ. ಅವತ್ತು ನಾನು ಅಕ್ಕನ ಪ್ರಶ್ನೆಯನ್ನು ಕೇಳಲೇ ಇಲ್ಲ. ಅಷ್ಟು ದೊಡ್ಡವರ ಮುಂದೆ ಹರಿಹರದ ಕರಡು ತಿದ್ದುವ ಹೆಂಗಸು ನಿಯಮ ಪ್ರಶ್ನಿಸುವುದು ನನಗೆ ನಾಚಿಕೆಯೆನಿಸಿತ್ತು. ಅಕ್ಕನಿಗೆ ಒಪ್ಪಿಗೆಯಂತೆ, ಧನ್ಯವಾದ ಎಂದಷ್ಟೇ ಹೇಳಿದ್ದೆ. ಅದಕ್ಕೇ ಅವರು ನಕ್ಕು ತಲೆಯಾಡಿಸಿದ್ದು.

ಮೂರು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಅವರನ್ನು ಬೈದುಕೊಂಡು ಓಡಾಡಿದ್ದೇನೆ. ಬೈಯುವುದು ಬಹಳ ಆರಾಮದ ಕೆಲಸ. ಆದರೆ ಇವತ್ತು ಆ ನಾಲ್ಕು ಸಾಲು ನೋಡಿದ ಮೇಲೆ ಕೂರಲಾಗಲಿಲ್ಲ. ಮೇಲಿನದಷ್ಟನ್ನೂ ಒಂದೇ ಉಸಿರಿನಲ್ಲಿ ಬರೆದು, ಮಧ್ಯಾಹ್ನದ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಕ್ಕ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದರು. ಓದುತ್ತೇನೆ ಎಂದೆ. ಓದು ಎಂದರು. ‘ಧನ್ಯವಾದ’ದ ಸಾಲನ್ನೂ ಬಿಡದೆ ಓದಿದೆ. ಮುಗಿದ ಮೇಲೆ ಅಕ್ಕ ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದರು. ಈಗಲಾದರೂ ಬೈಯುತ್ತಾರೆ ಎಂದುಕೊಂಡೆ.

“ಹಂಗಾರೆ ಅವ್ರು ಉತ್ರ ಕೊಡ್ಲಿಲ್ಲ ಅಂತ ನಾನು ಹಾಲಮ್ಮಗೆ ಹೇಳಿದ್ದು ಸುಳ್ಳಾತಲ್ಲೋ ತಮ್ಮಾ” ಎಂದು ಅಕ್ಕ ಗೋಡೆ ಹಿಡಿದು ಎದ್ದರು. ಮೊಣಕಾಲು ನೋಯುತ್ತಿದೆ, ಹಾಲಮ್ಮನ ಹತ್ತಿರ ನಾಳೆ ಹೋಗೋಣ ಎಂದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.