ಕಾಲರ್ ತೋರಿಸುವ ಕೆಲಸ

೧೯೭೯ರಲ್ಲಿ ‘ಹಿಮಕಾಂತಿ’ ಎಂಬ ಬಟ್ಟೆ ಒಗೆಯುವ ಪುಡಿಯ ಕಂಪೆನಿ ಮಟಿಲ್ಡಾಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕಲಿತ ತುಳು, ಶಾಲೆಯ ಕನ್ನಡ. ಮಂಗಳೂರಿನಲ್ಲಿ ಮನೆಮನೆ ಹತ್ತಿಳಿಯಲು ಇಂಥವಳೇ ಬೇಕಿತ್ತು ಅವರಿಗೆ. ಹಂಪನಕಟ್ಟೆಯ ಒಂದು ಹೋಟೆಲಿನ ಮಾಳಿಗೆಯಲ್ಲಿ ಮೂರು ದಿನ ತರಬೇತಿ ಆಯಿತು. ಬೊಂಬಾಯಿಯಿಂದ ಬಂದಿದ್ದವ ಹೇಳಿದ: “ಪುಡಿ ಮೊದಲು ತೆಗೆಯಬೇಡಿ. ಗಂಡನ ಬಿಳಿ ಅಂಗಿ ತರಲಿಕ್ಕೆ ಹೇಳಿ. ಕಾಲರ್ ಮಗುಚಿ ತೋರಿಸಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ.”

ಬಾಯಿ ಮುಚ್ಚಿಕೊಳ್ಳುವುದೇ ಕೆಲಸದ ಮರ್ಮ ಎಂದು ಗೊತ್ತಾದದ್ದು ಕದ್ರಿಯಲ್ಲಿ, ಹೋಟೆಲ್ ಯಜಮಾನರ ಹೆಂಡತಿ ಗುಣವತಿಯ ಅಂಗಳದಲ್ಲಿ. ಗುಣವತಿ ಹನ್ನೆರಡು ವರ್ಷದಿಂದ ಬಾವಿಕಟ್ಟೆಯ ಕಲ್ಲಿನ ಮೇಲೆ ಬಾರ್ ಸೋಪಿನಲ್ಲೇ ಒಗೆದು ನೆಮ್ಮದಿಯಾಗಿದ್ದವಳು. ಮಟಿಲ್ಡಾ ಅವಳ ಗಂಡನ ಬಿಳಿ ಅಂಗಿ ತರಿಸಿ ಕಾಲರ್ ಮಗುಚಿ ತೋರಿಸಿದಳು.

“ನಮ್ಮ ಬಾವಿಯ ನೀರೇ ಹಾಗೆ ಬಾಯಮ್ಮ, ಸ್ವಲ್ಪ ಕೆಂಪು,” ಅಂದಳು.

ಮಟಿಲ್ಡಾ ಮಾತಾಡಲಿಲ್ಲ. ಗುಣವತಿ ಅಂಗಿಯನ್ನು ಬೆಳಕಿಗೆ ಹಿಡಿದಳು. ಮುಖ ಸಣ್ಣದಾಯಿತು. “ಇದನ್ನೇ ಹಾಕಿಕೊಂಡು ಗಲ್ಲಾದಲ್ಲಿ ಕೂತುಕೊಳ್ಳುವುದು ಅವರು. ಬಂದವರು ಎಂತ ಗ್ರಹಿಸ್ತಾರೋ.”

ಅಲ್ಲಿಗೆ ಗುಣವತಿ ಹಿಮಕಾಂತಿಯ ಗಿರಾಕಿಯಾದಳು. ಮಟಿಲ್ಡಾಳಿಗೆ ಹೆಮ್ಮೆಯೂ ಆಯಿತು, ಪಾಪ ಅಂತಲೂ ಅನಿಸಿತು. ಮುಂದಿನ ಐದು ವರ್ಷದಲ್ಲಿ ಪಾಪ ಅನಿಸುವುದು ನಿಂತಿತು.

ಆಮೇಲೆ ಬಂತು ಎಂಬತ್ತನಾಲ್ಕು. ಸೂಪರ್‌ವೈಸರ್ ಚಿತ್ತರಂಜನ ಹೊಸ ಪ್ಯಾಕೆಟ್ ಮೇಜಿನ ಮೇಲಿಟ್ಟ: ‘ಹಿಮಕಾಂತಿ ಸೂಪರ್’. ಬಿಳಿ ಪುಡಿಯ ನಡುವೆ ಹಸಿರು ಕಾಳು.

“ಹಳೆಯ ಪುಡಿ ಬಟ್ಟೆಯ ನೂಲು ತಿನ್ನುತ್ತದೆ ಅಂತ ಹೇಳಬೇಕು,” ಅಂದ.

“ಹಳೆಯದು ನಮ್ಮದೇ ಅಲ್ವಾ?”

“ನಮ್ಮದೇ. ನಾವೇ ಹೇಳಿದರೆ ಜನ ಬೇಗ ನಂಬ್ತಾರೆ.”

ಮಟಿಲ್ಡಾ ಮನೆಗೆ ಬಂದು ಒಂದು ಹಳೆಯ ಬೆಡ್‌ಶೀಟನ್ನು ನಡುವೆ ಹರಿದಳು. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ ಒಗೆದು ಒಣಹಾಕಿದಳು. ಹಂಚಿನ ಕಾರ್ಖಾನೆಯಿಂದ ಬಂದ ಗಂಡ ಬೊನಿಫಾಸ್ ಎರಡನ್ನೂ ಮೂಸಿ ನೋಡಿ, “ಯಾವುದು ಯಾವುದು ಮಾರಾಯ್ತಿ?” ಅಂತ ಕೇಳಿದ. ಮರುದಿನ ಅವಳು ಚಿತ್ತರಂಜನನಿಗೆ ಫೋನು ಮಾಡಿದಳು. “ಹಸಿರು ಕಾಳು ಎಂತಕ್ಕೆ?”

“ಕಣ್ಣಿಗೆ,” ಅಂದ ಅವನು, ಇದೂ ಒಂದು ಪ್ರಶ್ನೆಯಾ ಎಂಬಂತೆ.

ಅವಳಿಗೆ ಮೈಯೆಲ್ಲ ಉರಿಯಿತು. ಆ ವಾರ ಹನ್ನೊಂದು ಮನೆಗೆ ಹೋಗಿ ಹನ್ನೊಂದರಲ್ಲೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಗುಣವತಿಯ ಮನೆಯಲ್ಲಂತೂ ಚೀಲವನ್ನೇ ಬಿಚ್ಚಲಿಲ್ಲ.

“ಪುಡಿ ಅದೇ ಗುಣವತಕ್ಕ. ಕಾಳಿಗೆ ಬಣ್ಣ ಹಾಕಿದ್ದಾರೆ, ಅಷ್ಟೇ. ನಿಮಗಿದು ಬೇಡ. ಆವತ್ತಿನ ಅಂಗಿಯಲ್ಲೂ ಅಂಥ ಕೊಳೆ ಇರಲಿಲ್ಲ. ನಾನು ತೋರಿಸಿದ್ದಕ್ಕೆ ನಿಮಗೆ ಕಂಡದ್ದು.”

ಗುಣವತಿ ಚಹಾ ತಂದಿಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. “ಅದು ಸರಿ. ಆದರೆ ಆಚೆಮನೆ ವಿನೋದಾ ಹಸಿರು ಕಾಳಿನದ್ದು ತಂದಾಗಿದೆ. ರೇಡಿಯೋದಲ್ಲಿ ದಿನಾ ಬರ್ತದೆ. ನನಗೆ ಎರಡು ಕೊಡಿ.”

“ನಾನು ಸುಳ್ಳು ಹೇಳಿದ್ದೆ ಅಂತ ಹೇಳ್ತಾ ಇದ್ದೇನೆ.”

“ಹೇಳಿದ್ದು ಹೇಳಿಯಾಯಿತಲ್ಲ. ಒಮ್ಮೆ ಕಣ್ಣಿಗೆ ಬಿದ್ದದ್ದು ಇನ್ನು ಕಾಣದ ಹಾಗೆ ಮಾಡಲಿಕ್ಕೆ ಆಗ್ತದಾ? ಎರಡು ಕೊಡಿ.”

ಮಟಿಲ್ಡಾ ಕೊಟ್ಟಳು. ಇನ್ನೆಂತ ಮಾಡುವುದು? ಹನ್ನೊಂದು ಮನೆಯಲ್ಲಿ ಒಂಬತ್ತು ಮನೆಯವರು ತೆಗೆದುಕೊಂಡಿದ್ದರು. ತಿಂಗಳ ಮೀಟಿಂಗಿನಲ್ಲಿ ಚಿತ್ತರಂಜನ ಎಲ್ಲರೆದುರು ಅವಳನ್ನು ಎದ್ದು ನಿಲ್ಲಿಸಿ ಹೊಗಳಿದ. “ಮಟಿಲ್ಡಾ ಮೇಡಂ ಸತ್ಯ ಹೇಳುವವರ ಹಾಗೆ ಮಾತಾಡ್ತಾರೆ. ಅದನ್ನು ನೀವೆಲ್ಲ ಕಲಿಯಬೇಕು.”

ಚಪ್ಪಾಳೆ ಬಿತ್ತು. ನಗಬೇಕೋ ಅವನ ತಲೆಗೆ ಪ್ಯಾಕೆಟ್ ಸುರಿಯಬೇಕೋ ತಿಳಿಯದೆ ಅವಳು ಕೂತುಬಿಟ್ಟಳು. ಮೀಟಿಂಗ್ ಮುಗಿದ ಮೇಲೆ ಕೆಲಸ ಬಿಡುತ್ತೇನೆ ಅಂದಳು. ಚಿತ್ತರಂಜನನಿಗೆ ನಿಜಕ್ಕೂ ಬೇಸರವಾಯಿತು.

“ಎಂತಕ್ಕೆ? ಯಾರಾದರೂ ಎಂತಾದರೂ ಹೇಳಿದರಾ?”

“ನಾನು ಬೇಡ ಅಂದರೂ ಕೊಳ್ಳುತ್ತಾರಲ್ಲ. ಮತ್ತೆ ನಾನು ಎಂತಕ್ಕೆ?”

ಬಿಜೈಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅವಳಿಗೆ ವಾರ್ಡನ್ ಕೆಲಸ ಸಿಕ್ಕಿತು. ಚೀಲ ಒಪ್ಪಿಸಲು ಹೋದ ದಿನ ಅವಳ ಜಾಗಕ್ಕೆ ಬಂದ ಉಳ್ಳಾಲದ ಹುಡುಗಿ ನೆಲ್ಲಿ ಅಲ್ಲೇ ಕಾದಿದ್ದಳು. ತರಬೇತಿ ಮುಗಿಸಿ ಬಂದ ಉಮೇದು ಮುಖದಲ್ಲಿತ್ತು.

“ಏನಾದರೂ ಹೇಳಿಕೊಡಿ ಮೇಡಂ,” ಅಂದಳು.

ಮಟಿಲ್ಡಾ ಚೀಲದ ಪಟ್ಟಿಯನ್ನು ನೆಲ್ಲಿಯ ಅಳತೆಗೆ ಗಿಡ್ಡ ಮಾಡಿಕೊಟ್ಟಳು.

“ಗಟ್ಟಿ ಚಪ್ಪಲಿ ಹಾಕು. ನಂತೂರಿನ ಏರಿನಲ್ಲಿ ಕಾಲು ಸೋಲ್ತದೆ.”