ಕುಂಕುಮ ಹಚ್ಚಿದ ಫ್ಲಾಪಿ

ಕನ್ನಡ ಟೈಪ್ ಮಾಡುವ ನಮ್ಮ ತಂತ್ರಾಂಶ ಪುಕ್ಕಟೆಯದು. ಯಾರು ಬೇಕಾದರೂ ಅದನ್ನು ಒಯ್ದು, ಒಳಗಿನ ಕೋಡನ್ನು ತಮಗೆ ಬೇಕಾದಂತೆ ತಿದ್ದಬಹುದಿತ್ತು. ತಿದ್ದಿದ್ದನ್ನು ನನಗೆ ತಲುಪಿಸಬೇಕು, ನಾನು ಎಲ್ಲರದ್ದನ್ನೂ ಕೂಡಿಸಿ ಹೊಸ ಆವೃತ್ತಿ ಹೊರಡಿಸಬೇಕು. ಹೊಸಪೇಟೆಗೆ ಆಗಿನ್ನೂ ಇಂಟರ್ನೆಟ್ ಸರಿಯಾಗಿ ಬಂದಿರಲಿಲ್ಲ. ಎಲ್ಲವೂ ಫ್ಲಾಪಿಯಲ್ಲೇ ಅಲ್ಲಿನ ಚಿತ್ತವಾಡ್ಗಿ ಬಡಾವಣೆಯ ನನ್ನ ಕೋಣೆಗೆ ಬರುತ್ತಿತ್ತು.

ಆ ಸಲ ಬಾಕಿ ಇದ್ದದ್ದು ಕಂಪ್ಲಿಯ ಬಸಣ್ಣನ ಪಾಲು ಒಂದೇ. ಪ್ರಿಂಟ್ ತೆಗೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅದನ್ನು ಸರಿಪಡಿಸಲು ಅವನು ವರ್ಷವಿಡೀ ಒದ್ದಾಡಿದ್ದ. ಮುಗಿಯಿತೆಂದು ಫೋನ್ ಬಂದ ಮೇಲೆ ನಾನೇ ಬಸ್ ಹತ್ತಿದೆ. ಅವನ ಮುಖ ನೋಡಿದ್ದು ಅವತ್ತೇ ಮೊದಲು.

"ಕರೆಂಟ್ ಹೊಡೆತಕ್ಕ ಕಂಪ್ಯೂಟರ್ ಸುಟ್ಟೈತ್ರಿ. ಕೆಲಸೆಲ್ಲ ಫ್ಲಾಪ್ಯಾಗ ಐತಿ, ಚಿಂತಿ ಬ್ಯಾಡ," ಎನ್ನುತ್ತ ಬಸಣ್ಣ ದೇವರ ಜಗುಲಿಯತ್ತ ಹೋದ. ಹೋದವನು ಅಲ್ಲೇ ನಿಂತುಬಿಟ್ಟ.

ಹಿಂದಿನ ದಿನ ಆಯುಧಪೂಜೆ. ಕಂಪ್ಯೂಟರಿನ ಬದಲು ಅವನು ಫ್ಲಾಪಿಯನ್ನೇ ಪೂಜೆಗಿಟ್ಟಿದ್ದ. ಯಾರೋ ಅದರ ತಗಡಿನ ಮುಚ್ಚಳ ಸರಿಸಿ, ಕೆಲಸವೆಲ್ಲ ದಾಖಲಾಗುವ, ಬೆರಳು ಕೂಡ ತಾಕಿಸಬಾರದ ಒಳಗಿನ ಕರಿ ತಟ್ಟೆಗೆ ಕಲಸಿದ ಕುಂಕುಮ ಹಚ್ಚಿದ್ದರು.

"ಮ್ಯಾಲೆ ಹಚ್ಚಿದ್ರ ಸಾಕಿತ್ತಲ್ಲಬೇ ಯವ್ವಾ," ಎಂದ, ಮೆಲ್ಲಗೆ.

ಅವನ ತಾಯಿ ಒಲೆಯ ಮುಂದಿನಿಂದಲೇ ಹೇಳಿದಳು: "ಕೆಲಸೆಲ್ಲ ಒಳಗೈತಿ ಅಂತ ನೀನ ಅಂದಿದ್ಯಲ್ಲೋ. ಅದಕ್ಕ ಒಳಗ ಹಚ್ಚೀನಿ."

ಆಮೇಲೆ ಹೋಳಿಗೆ ಬಡಿಸಿದಳು. ಇಬ್ಬರೂ ತಲೆ ತಗ್ಗಿಸಿ ಉಂಡೆವು.

ಹೊಸ ಆವೃತ್ತಿ ಅವನ ಪಾಲಿಲ್ಲದೆಯೇ ಹೊರಟಿತು. ಬಸಣ್ಣ ಮತ್ತೆ ಆ ಕೆಲಸಕ್ಕೆ ಕೂಡಲಿಲ್ಲ. ಅವತ್ತು ತಂದ ಆ ಫ್ಲಾಪಿ ನನ್ನಲ್ಲೇ ಇದೆ. ಪ್ರತಿ ಆಯುಧಪೂಜೆಗೂ ಅದೊಂದಕ್ಕೇ ನಾನು ಧೈರ್ಯವಾಗಿ ಕುಂಕುಮ ಹಚ್ಚುತ್ತೇನೆ. ಕೆಡುವಂಥದ್ದು ಅದರಲ್ಲಿ ಇನ್ನೇನೂ ಉಳಿದಿಲ್ಲ.