ತುಕ್ಕುನೀರಿನ ಸೇವಂತಿಗೆ

ಮೊನ್ನೆ ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದೆ. ಚುಸ್ಸೆಂದು ಎದ್ದ ಹಬೆಯಲ್ಲಿ ಕಬ್ಬಿಣದ ವಾಸನೆ... ಆ ವಾಸನೆಗೆ ನನಗೆ ನೆನಪಾಗುವುದು ಅಪ್ಪನ ಕುಲುಮೆಯಲ್ಲ, ವಿಜ್ಞಾನದ ಮೇಷ್ಟ್ರು. ಅವರ ಮೇಲಿನ ಸಿಟ್ಟು ಈಗಲೂ ಆರಿಲ್ಲ.

ಚಿನಕುರಳಿಯಲ್ಲಿ ನಾನಾಗ ಆರನೇ ಕ್ಲಾಸು. ಗಿಡ ನೀರನ್ನು ಹೇಗೆ ಮೇಲಕ್ಕೆಳೆಯುತ್ತದೆಂದು ನೋಡಲು ಬಿಳಿ ಹೂವೊಂದನ್ನು ಕೆಂಪು ಶಾಯಿ ಬೆರೆಸಿದ ನೀರಲ್ಲಿಟ್ಟು ತನ್ನಿ ಎಂದಿದ್ದರು ಮೇಷ್ಟ್ರು. ನಮ್ಮ ಮನೆಯಲ್ಲಿ ಶಾಯಿ ಎಲ್ಲಿ ಬರಬೇಕು? ಅಪ್ಪ ಕಾದ ಕುಡುಗೋಲು ಅದ್ದುವ ಕಲ್ಲುತೊಟ್ಟಿಯ ನೀರು ತುಕ್ಕಿನಿಂದ ಕೆಂಪಗಿತ್ತು. ಅದನ್ನೇ ಲೋಟಕ್ಕೆ ಮೊಗೆದು ಸೇವಂತಿಗೆ ಇಟ್ಟೆ. ಬೆಳಿಗ್ಗೆಯೂ ಹೂವು ಬೆಳ್ಳಗೇ ಇತ್ತು. ಹಾಗೇ ಒಯ್ದೆ.

ಮೇಷ್ಟ್ರು ಲೋಟ ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು.

"ಕುಲುಮೆ ನೀರಾ? ಬುದ್ಧಿಗೇ ತುಕ್ಕು ಇಡಿದ್ಬುಟ್ಟದೆ ಕಣಮ್ಮಿ ನಿಂಗೆ. ಓಗು, ನಿಮ್ಮಪ್ಪನ ತಿದಿ ಒತ್ತೋಗು!"

ಹೈಸ್ಕೂಲು ಮುಗಿಯುವವರೆಗೂ ನನ್ನನ್ನು ಎಲ್ಲರೂ ಕರೆದದ್ದು 'ತುಕ್ಕು' ಎಂದೇ.

ತುಕ್ಕು ನೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಕರಗಿದ ಬಣ್ಣ ಮಾತ್ರ ದಂಟಿನೊಳಗೆ ಏರುತ್ತದೆ... ಇಷ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹೂವು ಬಾಡಿರಲಿಲ್ಲವಲ್ಲ, ನೀರು ಕುಡಿದೇ ಇತ್ತಲ್ಲ! ಇದನ್ನು ನಾನೇ ಓದಿ ತಿಳಿದೆ. ಟೀಚರೂ ಆದೆ. ಎಲ್ಲ ಅವರ ಮೇಲಿನ ಹಟಕ್ಕೆ.

ನಾಲ್ಕು ವರ್ಷದ ಹಿಂದೆ ಅವರು ಗಂಜಾಂನಲ್ಲಿದ್ದಾರೆಂದು ತಿಳಿಯಿತು. ಸೇವಂತಿಗೆಯ ದಂಟನ್ನು ಉದ್ದಕ್ಕೆ ಸೀಳಿ, ಒಂದು ಸೀಳನ್ನು ಕೆಂಪು ನೀರಿಗೆ, ಇನ್ನೊಂದನ್ನು ನೀಲಿಗೆ ಇಳಿಬಿಟ್ಟೆ. ಅರ್ಧ ಕೆಂಪು, ಅರ್ಧ ನೀಲಿಯಾದ ಹೂವು ಹಿಡಿದು ನಾಗಮಂಗಲದಲ್ಲಿ ಬಸ್ಸು ಹತ್ತಿದೆ. ಅವರ ಬಾಯಿಂದಲೇ ತಪ್ಪೊಪ್ಪಿಸಬೇಕಿತ್ತು.

ಹಳೇ ವಿದ್ಯಾರ್ಥಿ ಎಂದೆ. ಜಗಲಿಯಲ್ಲಿ ಕೂತಿದ್ದ ಮುದಿ ಮೇಷ್ಟ್ರಿಗೆ ನನ್ನ ಗುರುತು ಹತ್ತಲಿಲ್ಲ. ಹೂವನ್ನು ಮಾತ್ರ ಮಗುವಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ಚೆಂದಾಗಿ ಬಂದದಲ್ಲವ್ವಾ! ಯಾರು ಏಳ್ಕೊಟ್ಟೋರು ನಿಂಗೆ?"

'ನೀವೇ ಸಾ' ಎಂದು ನಾನು ಅನ್ನಲಿ ಎಂಬ ಆಸೆ ಆ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ನಮ್ಮಪ್ಪ ಸಾ. ಚಿನಕುರಳಿಲಿ ಕುಲುಮೆ ಇಟ್ಟಿದ್ರಲ್ಲ, ಅವ್ರು."

ಅವರು ಹೂವನ್ನು ಮೆಲ್ಲಗೆ ಕೆಳಗಿಟ್ಟರು. ಸೇಡು ತೀರಿತೆಂದು ದಾರಿಯುದ್ದಕ್ಕೂ ಹಿಗ್ಗುತ್ತಾ ಬಂದೆ.

ಹೋದ ತಿಂಗಳು ಅವರು ತೀರಿಕೊಂಡರಂತೆ. ಭಾನುವಾರ ನನ್ನ ಮನೆಗೆ ಬರುವ ಮಕ್ಕಳ ಮುಂದೆ ದಂಟು ಸೀಳುತ್ತಾ ಕೂತಿದ್ದಾಗ ಸುದ್ದಿ ಬಂತು. ನಿಜಕ್ಕೂ ಅಪ್ಪನಿಗೆ ಈ ಹೂವಿನ ಪ್ರಯೋಗ ಗೊತ್ತೇ ಇರಲಿಲ್ಲ. ಹೂವನ್ನು ಬಣ್ಣದ ನೀರಲ್ಲಿಟ್ಟು ನೋಡಿ ಎಂದು ನನಗೆ ಮೊದಲು ಹೇಳಿದವರು ಆ ಮೇಷ್ಟ್ರೇ... ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಇಷ್ಟು ವರ್ಷದ ಜಗಳ ಆಡಲಿಕ್ಕೆ ಆ ಮನುಷ್ಯ ಬದುಕಿರಬೇಕಿತ್ತು.